ಆಡದ ಆಟಗಾರ

ಪೆರೇಸಂದ್ರ ಕ್ರಾಸಿನಲ್ಲಿ ಹೈದರಾಬಾದ್ ಬಸ್ಸುಗಳು ನಿಲ್ಲದೆ ಹೋಗುತ್ತವೆ, ಗುಡಿಬಂಡೆ ಬಸ್ಸುಗಳು ಹೋಗದೆ ನಿಲ್ಲುತ್ತವೆ. ಇವೆರಡರ ನಡುವೆ ಸಿಕ್ಕಿಕೊಂಡವರ ಅನುಕೂಲಕ್ಕೆಂದೇ ಇಟ್ಟಂತೆ ಅಲ್ಲೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್ ಪ್ರಿಂಟ್, ಲ್ಯಾಮಿನೇಷನ್, ಮದುವೆ ಪತ್ರಿಕೆ, ಅರ್ಜೆಂಟ್ ಫೋಟೊ ಎಂದು ಬೋರ್ಡಿನಲ್ಲಿದೆ. ಒಳಗೆ ನಡೆಯುವ ಮುಖ್ಯ ಕಸುಬು ಮಾತ್ರ ಬೋರ್ಡಿನಲ್ಲಿಲ್ಲ. ಕಂಪನಿಯವರೇ ಕೈಬಿಟ್ಟ, ಆಡಿದವರೇ ಮರೆತ ಕಂಪ್ಯೂಟರ್ ಆಟಗಳನ್ನು ಇವತ್ತಿನ ಯಂತ್ರದ ಮೇಲೆ ಓಡಿಸುವುದು ಆ ಕಸುಬು. ಅದಕ್ಕೆ ಫೀಸಿಲ್ಲ, ಗಿರಾಕಿಯೂ ಇಲ್ಲ.

ಈ ಕಸುಬಿನವನಿಗೆ ನಲವತ್ತರ ಆಸುಪಾಸು. ವಿಂಡೋಸಿಗೂ ಹಿಂದಿನ ಡಾಸ್‌ನ ಹೆಸರು ಸೇರಿಸಿ ಸ್ನೇಹಿತರು ಡಾಸಣ್ಣ ಎನ್ನುತ್ತಾರೆ. ಊರಿನ ಹಿರಿಯರ ಬಾಯಲ್ಲಿ ಅದು ದಾಸಣ್ಣ ಆಗಿದೆ, ಆತ ತಿದ್ದಲು ಹೋಗಿಲ್ಲ. ಇಂಥವನು ಪೆರೇಸಂದ್ರದಲ್ಲಿ ಮಾತ್ರ ಇದ್ದಾನೆಂದು ತಿಳಿಯಬೇಡಿ. ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಾನೆ, ಬೆಂಗಳೂರಿನಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡಿರುತ್ತಾನೆ. ಗುರುತು ಹಿಡಿಯುವುದು ಸುಲಭ. ನಾವೆಲ್ಲ ಒಂದು ಐಕಾನ್ ಕಂಡರೆ ಎಡಗುಂಡಿ ಎರಡು ಸಲ ಒತ್ತುತ್ತೇವೆ. ಈತನ ಬೆರಳು ತಾನಾಗಿ ಬಲಗುಂಡಿಗೆ ಹೋಗುತ್ತದೆ. ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ವಿಂಡೋಸ್ 98, 256 ಬಣ್ಣ, 640 ಬೈ 480, ರನ್ ಆಸ್ ಅಡ್ಮಿನಿಸ್ಟ್ರೇಟರ್, ಅಪ್ಲೈ, ಓಕೆ. ಇಷ್ಟೂ ಒಂದೇ ಉಸಿರಿನಲ್ಲಿ. ಆಟ ಶುರುವಾಗುವುದಿಲ್ಲ. ಆತನ ಮುಖದಲ್ಲಿ ಬೇಸರ ಹುಡುಕಬೇಡಿ, ಕಳೆ ಬರುವುದೇ ಆಗ.

ಅಂಗಡಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಒಂದು ಗಿರಾಕಿಗಳದ್ದು. ಒಂದು ಆತನ ಪ್ರಯೋಗದ್ದು. ಮೂರನೆಯದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತ, ಹಿಂಬದಿ ಉಬ್ಬಿದ ಹಳೇ ಮಾನಿಟರಿನದು, ಅದರೊಳಗೆ ವಿಂಡೋಸ್ ಎಕ್ಸ್‌ಪಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಎಳ್ಳುನೀರು ಬಿಟ್ಟಾಗಿದೆ. "ಇದನ್ನ ಯಾಕಿನ್ನೂ ಇಟ್ಕೊಂಡಿದ್ದೀರಿ?" ಎಂದು ಹೆಂಡತಿ ಕೇಳಿದರೆ, "ಪೇಜ್‌ಮೇಕರ್ ಫೈಲುಗಳಿವೆ, ಹಳೇ ನುಡಿ ಫಾಂಟಿನ ಲಗ್ನಪತ್ರಿಕೆಗಳಿವೆ, ಯಾರಾದ್ರೂ ಬಂದು ಕೇಳ್ತಾರೆ" ಎನ್ನುತ್ತಾನೆ. ಆ ಲಗ್ನಗಳ ಮಕ್ಕಳೇ ಈಗ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಬರುತ್ತಿದ್ದಾರೆ. ಹಳೆಯ ಲಗ್ನಪತ್ರಿಕೆ ಕೇಳಿಕೊಂಡು ಇದುವರೆಗೆ ಯಾರೂ ಬಂದಂತಿಲ್ಲ.

ಈ ರೋಗ ಹತ್ತಿದ್ದು ಚಿಕ್ಕಬಳ್ಳಾಪುರದ ಸೈಬರ್ ಸೆಂಟರಿನಲ್ಲಿ. ಪ್ಲೈವುಡ್ಡಿನ ಗೂಡು, ಒಂದು ಕುರ್ಚಿ, ನಾಲ್ಕು ಹುಡುಗರು. ರೋಡ್ ರ‍್ಯಾಶ್ ಹಾಕಿದರೆ ಒಬ್ಬನಿಗೆ ಬೈಕ್ ಓಡಿಸುವ ಕೀಗಳು, ಇನ್ನೊಬ್ಬನಿಗೆ ಪಕ್ಕದವನನ್ನು ಒದೆಯುವ ಕೀ, ಮೂರನೆಯವನಿಗೆ ಗಡಿಯಾರ ನೋಡುವ ಕೆಲಸ. ನಾಲ್ಕನೆಯವನು ದುಡ್ಡು ಕೊಟ್ಟವನು, ಅವನಿಗೆ ಏನೂ ಸಿಗುತ್ತಿರಲಿಲ್ಲ. ಡಾಸಣ್ಣ ಆ ನಾಲ್ಕನೆಯವನು. ಆಮೇಲೆ 1999ರ ಏಜ್ ಆಫ್ ಎಂಪೈರ್ಸ್ ಎರಡನೇ ಭಾಗ ಸಿಕ್ಕಿತು. ಅದರಲ್ಲೊಂದು ಕಳ್ಳಮಂತ್ರವಿದೆ: 'ಹೌ ಡು ಯು ಟರ್ನ್ ದಿಸ್ ಆನ್'. ಇಂಗ್ಲಿಷ್ ಪರೀಕ್ಷೆಯಲ್ಲಿ ಮೂವತ್ತೈದರ ಗಡಿ ದಾಟಲು ಹೆಣಗುತ್ತಿದ್ದ ಹುಡುಗ ಅಷ್ಟುದ್ದದ ವಾಕ್ಯವನ್ನು ಒಂದಕ್ಷರ ತಪ್ಪದೆ ಹೊಡೆಯುತ್ತಿದ್ದ. ಹೊಡೆದರೆ ಬಿಲ್ಲುಬಾಣದ ಕಾಲದೊಳಕ್ಕೆ ಮೆಷಿನ್‌ಗನ್ ಕಟ್ಟಿದ ಕಾರೊಂದು ಬಂದು ನಿಲ್ಲುತ್ತಿತ್ತು. ಇದನ್ನು ಆನ್ ಮಾಡುವುದು ಹೇಗೆ ಎಂಬ ಆ ಪ್ರಶ್ನೆಯನ್ನೇ ಆತ ಇವತ್ತಿಗೂ ಕಂಪ್ಯೂಟರಿಗೆ ಕೇಳುತ್ತಿದ್ದಾನೆ. ಕಾರು ಬರುವುದು ನಿಂತಿದೆ.

ಆ ಆಟದ್ದೇ ಒಂದು ಪ್ರಸಂಗ ಹೇಳಬೇಕು. ವಿಂಡೋಸ್ 7 ಬಂದ ಹೊಸದರಲ್ಲಿ ಏಜ್ ಆಫ್ ಎಂಪೈರ್ಸ್ ಹಾಕಿದರೆ ನೀರು ಕೆಂಪಗೆ, ಹುಲ್ಲು ನೇರಳೆಯಾಗಿ ಕಾಣುತ್ತಿತ್ತು. ಆಟಕ್ಕೆ ಗೊತ್ತಿರುವುದು 256 ಬಣ್ಣ ಮಾತ್ರ. ಅದು ತನಗೆ ಬೇಕಾದ 256ನ್ನು ಜೋಡಿಸಿಟ್ಟುಕೊಂಡರೆ, ಹಿಂದೆ ಓಡುತ್ತಿರುವ ವಿಂಡೋಸ್ ಎಕ್ಸ್‌ಪ್ಲೋರರ್ ನಡುವೆ ಕೈಹಾಕಿ ಜೋಡಣೆ ಕೆಡಿಸುತ್ತದೆ. ಪರಿಹಾರವೆಂದರೆ ಟಾಸ್ಕ್ ಮ್ಯಾನೇಜರಿಗೆ ಹೋಗಿ ಎಕ್ಸ್‌ಪ್ಲೋರರನ್ನೇ ಮುಗಿಸಿಬಿಡುವುದು. ಡಾಸಣ್ಣ ಮುಗಿಸಿದ. ಐಕಾನುಗಳು, ಕೆಳಗಿನ ಪಟ್ಟಿ, ಎಲ್ಲ ಮಾಯ. ಎದುರಿಗೆ ವರ್ಲಕೊಂಡದ ಕಡೆಯ ಒಬ್ಬ ಯಜಮಾನರು ಕೂತಿದ್ದರು.

"ಏನಪ್ಪಾ, ನಮ್ ಪಹಣಿನೂ ಹೋಯ್ತಾ?"

"ಪಹಣಿ ಎಲ್ಲೂ ಹೋಗಲ್ಲ ತಾತ. ಬಣ್ಣ ಸರಿ ಮಾಡ್ತಾ ಇದೀನಿ."

"ಪಹಣಿಗ್ಯಾಕಪ್ಪಾ ಬಣ್ಣ?"

ಅವರಿಗೆ ಆತ 256 ಬಣ್ಣಗಳ ವಿಚಾರವನ್ನು ಮೊದಲಿನಿಂದ ಹೇಳಿದ. ಅವರು ಕೊನೆತನಕ ಕೇಳಿಸಿಕೊಂಡು, ಪಕ್ಕದ ಅಂಗಡಿಯಲ್ಲಿ ಪಹಣಿ ತೆಗೆಸಿಕೊಂಡು ಹೋದರು.

ಜನಕ್ಕೆ ಅರ್ಥವಾಗದ್ದು ಒಂದೇ. ಅಷ್ಟು ಹಳೇ ಆಟ, ಇಷ್ಟು ಹೊಸ ಕಂಪ್ಯೂಟರ್, ಓಡಬಾರದೇಕೆ? ತೊಂದರೆ ಅಲ್ಲೇ ಇದೆ. ಯಂತ್ರ ನಿಧಾನವಾಗಿದ್ದರೆ ಕಾಯಬಹುದು, ಇದು ಜೋರಾಗಿದೆ. 1981ರ ಐಬಿಎಂ ಪೀಸಿಯ ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಆ ಕಾಲದ ಎಷ್ಟೋ ಆಟಗಳು ಗಡಿಯಾರದ ಗೊಡವೆಗೆ ಹೋಗದೆ, ಪ್ರೊಸೆಸರ್ ಎಷ್ಟು ಬೇಗ ಓಡುತ್ತದೋ ಅಷ್ಟೇ ಬೇಗ ತಾವೂ ಓಡುತ್ತಿದ್ದವು. ಇವತ್ತಿನ ಯಂತ್ರಕ್ಕೆ ಹಾಕಿದರೆ ಹೀರೋ ಹುಟ್ಟಿದ್ದು ಗೊತ್ತಾಗುವುದರೊಳಗೆ ಸತ್ತಿರುತ್ತಾನೆ. 386, 486 ಪೆಟ್ಟಿಗೆಗಳ ಮುಂದೆ ಟರ್ಬೊ ಎಂಬ ಗುಂಡಿ ಇರುತ್ತಿತ್ತಲ್ಲ, ಅದು ಇದ್ದದ್ದೇ ಬೇಕಾದಾಗ ಯಂತ್ರದ ವೇಗ ತಗ್ಗಿಸುವುದಕ್ಕೆ. ಬೋರ್ಲ್ಯಾಂಡ್ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳದು ಇನ್ನೂ ಮಜಾ. ಶುರುವಾಗುವಾಗ ಯಂತ್ರದ ವೇಗ ಅಳೆಯಲು ಹೋಗಿ, ವೇಗ ತಮ್ಮ ಲೆಕ್ಕಕ್ಕೆ ಮೀರಿದ್ದರಿಂದ 'ರನ್‌ಟೈಮ್ ಎರರ್ 200' ಎಂದು ಅಲ್ಲೇ ಮಲಗುತ್ತಿದ್ದವು.

2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮ್ ಹೊಸ ಕಂಪ್ಯೂಟರಿನೊಳಗೇ ಒಂದು ಹಳೇ ಕಂಪ್ಯೂಟರನ್ನು ನಟಿಸಿ ತೋರಿಸುತ್ತದೆ. ಕಂಟ್ರೋಲ್ ಒತ್ತಿ ಎಫ್ 12 ಹೊಡೆದರೆ ಜೋರು, ಎಫ್ 11 ಹೊಡೆದರೆ ನಿಧಾನ. ಡಾಸಣ್ಣನ ಕೀಬೋರ್ಡಿನಲ್ಲಿ ಎಫ್ 11ರ ಅಕ್ಷರ ಅಳಿಸಿಹೋಗಿದೆ. ಪ್ರಿನ್ಸ್ ಆಫ್ ಪರ್ಷಿಯಾದ ರಾಜಕುಮಾರ ಸರಿಯಾದ ನಡಿಗೆಯಲ್ಲಿ ನಡೆಯಬೇಕು, ಅದಕ್ಕೆ ಇನ್ನೊಂದು ಚೂರು ನಿಧಾನ, ಇನ್ನೊಂದು ಚೂರು. ಇಷ್ಟು ಶ್ರದ್ಧೆಯಿಂದ ವೇಗ ಇಳಿಸುವ ಮನುಷ್ಯನನ್ನು ಹೈದರಾಬಾದ್ ಹೆದ್ದಾರಿಯ ಉದ್ದಕ್ಕೂ ಹುಡುಕಿದರೂ ಕಾಣಲಾರಿರಿ. ಆ ಆಟದಲ್ಲಿ ರಾಜಕುಮಾರಿಯನ್ನು ಬಿಡಿಸಲು ಕೊಟ್ಟಿರುವ ಸಮಯ 60 ನಿಮಿಷ. ಡಾಸಣ್ಣ ಸೌಂಡ್ ಸರಿಮಾಡುವುದರಲ್ಲೇ ಅದಕ್ಕಿಂತ ಹೆಚ್ಚು ಕಳೆಯುತ್ತಾನೆ. ಪಾಪ, ರಾಜಕುಮಾರಿ 1989ರಿಂದ ಕಾಯುತ್ತಿದ್ದಾಳೆ.

"ಆಟಕ್ಕೆ ಸುಳ್ಳು ಹೇಳಬೇಕು ಕಣಪ್ಪ" ಎಂಬುದು ಆತನ ಸಿದ್ಧಾಂತ. "ನೀನಿನ್ನೂ 1998ರಲ್ಲೇ ಇದೀಯ, ಪೆರೇಸಂದ್ರ ಇನ್ನೂ ಕೋಲಾರ ಜಿಲ್ಲೇಲೇ ಇದೆ, ಹೈವೇ ಇನ್ನೂ ಏಳನೇ ನಂಬರೇ ಅಂತ ನಂಬಿಸಬೇಕು. ನಂಬಿದ್ರೆ ಓಡುತ್ತೆ." ಮಾತು ತಪ್ಪಲ್ಲ. ಆಟ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಎಂದು ಕೇಳುತ್ತದೆ. ಆ ಕಂಪನಿಯೇ ಮುಚ್ಚಿಹೋಗಿದೆ. ಡಿಜಿವೂಡೂ ಎಂಬ ಸಣ್ಣ ಫೈಲು ನಡುವೆ ನಿಂತು "ಇಲ್ಲೇ ಇದೆ ಸ್ವಾಮಿ" ಎನ್ನುತ್ತದೆ, ಆಟ ಹೇಳಿದ್ದನ್ನು ಈಗಿನ ಕಾರ್ಡಿನ ಭಾಷೆಗೆ ತಿರುಗಿಸಿ ದಾಟಿಸುತ್ತದೆ. 2007ರಲ್ಲಿ ಜಿಲ್ಲೆ ಬದಲಾದದ್ದು, ಆಮೇಲೆ ಹೆದ್ದಾರಿ 44 ಆದದ್ದು ಆಟಕ್ಕೆ ತಿಳಿಯುವುದೇ ಇಲ್ಲ. ಆತನ ಹೆಂಡತಿ ಕೇಳುವುದು, ಇದರಲ್ಲಿ ಯಾರು ಯಾರನ್ನು ನಂಬಿಸಿದ್ದಾರೆ ಎಂದು.

ಡಾಸಣ್ಣನ ಎದೆಯಲ್ಲಿ ಒಂದು ಹುಣ್ಣಿದೆ. ಆ ಕಾಲದಲ್ಲಿ ಮೆಜೆಸ್ಟಿಕ್ ಕಡೆಗೆ ಹೋದರೆ ಎಂಥ ಆಟವಾದರೂ ಫುಟ್‌ಪಾತಿನಲ್ಲಿ ಸಿಗುತ್ತಿತ್ತು, ಸೀಡಿಯ ಮೇಲೆ ಮಾರ್ಕರ್ ಪೆನ್ನಿನ ಬರಹ. ಒಂದೇ ಒಂದು ಸಲ ಮನಸ್ಸು ಗಟ್ಟಿ ಮಾಡಿ, ಮೊದಲ ಸಂಬಳದಲ್ಲಿ, ಪೆಟ್ಟಿಗೆ ಸಮೇತ ಅಸಲಿ ಸೀಡಿ ಕೊಂಡ. ಅದಕ್ಕೆ ಸೇಫ್‌ಡಿಸ್ಕ್ ಎಂಬ ಕಾವಲು, ನಕಲಿ ಸೀಡಿ ಓಡದಿರಲೆಂದು. 2015ರಲ್ಲಿ ಬಂದ ವಿಂಡೋಸ್ 10, ಆ ಕಾವಲಿನ ಡ್ರೈವರಿನಿಂದ ಭದ್ರತೆಗೆ ಅಪಾಯವೆಂದು ಅದನ್ನು ಒಳಕ್ಕೇ ಬಿಡಲಿಲ್ಲ. ಕಾವಲುಗಾರ ಬಾರದೆ ಬಾಗಿಲು ತೆರೆಯುವುದಿಲ್ಲ. ಕಾವಲು ಮುರಿದು ಮಾರಿದ ಫುಟ್‌ಪಾತ್ ಸೀಡಿ ಇಂದಿಗೂ ಸಲೀಸಾಗಿ ಓಡುತ್ತದೆ, ದುಡ್ಡು ಕೊಟ್ಟು ತಂದದ್ದು ಪೆಟ್ಟಿಗೆಯಲ್ಲಿದೆ. ಅಂಗಡಿಯಲ್ಲಿ ಯಾರಾದರೂ ಪ್ರಾಮಾಣಿಕತೆಯ ಮಾತೆತ್ತಿದರೆ ಆತ ಆ ಪೆಟ್ಟಿಗೆ ತೆಗೆದು ಮೇಜಿನ ಮೇಲಿಡುತ್ತಾನೆ.

ಮನೆಯಲ್ಲಿ ಅಮ್ಮನದು ತೆಲುಗು. ರಾತ್ರಿ ಮುದ್ದೆ ತಣ್ಣಗಾಗುವ ಹೊತ್ತಿಗೆ ಒಳಗಿನಿಂದ ಕೂಗು: "ಇಂಕಾ ಕಾಲೇದಾ ನಾಯನಾ?" ಇನ್ನೂ ಆಗಿಲ್ಲ. ಅವರು ರೇಷ್ಮೆ ಸಾಕಿ ಮಗನನ್ನು ಓದಿಸಿದವರು, ಹುಳು ಪೊರೆ ಕಳಚುವುದು ಅವರ ಮಾತಿನಲ್ಲಿ ಜ್ವರ. "ಹುಳುನೇ ನಾಲ್ಕು ಜ್ವರ ಮುಗಿಸಿ ಗೂಡು ಕಟ್ಟಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತೆ, ನಿನ್ ಆಟಕ್ಕೆ ಇನ್ನೆಷ್ಟು ಜ್ವರ ಬರಬೇಕೋ" ಎನ್ನುತ್ತಾರೆ. ಡಾಸಣ್ಣ ಉತ್ತರಿಸುವುದಿಲ್ಲ, ಹಳೇ ಆಟಗಳು ಕೇಳುವ ಡೈರೆಕ್ಟ್‌ಪ್ಲೇ ಇನ್‌ಸ್ಟಾಲ್ ಆಗುತ್ತಿರುತ್ತದೆ.

ಅಕ್ಕನ ಮಗ ಇದ್ದಾನೆ, ಪಿಯುಸಿ. ಅವನು ಒಂದು ಭಾನುವಾರ ಬಂದು ಸ್ವಲ್ಪ ಹೊತ್ತು ನೋಡಿ, ಮೊಬೈಲ್ ತೆಗೆದು, "ಮಾವ, ಇದು ಇಂಟರ್ನೆಟ್ ಆರ್ಕೈವ್‌ನಲ್ಲೇ ಇದೆಯಲ್ಲ, ಬ್ರೌಸರಲ್ಲೇ ಆಡಬಹುದು" ಎಂದು ಎದುರಿಗೆ ಹಿಡಿದ. ನಿಜ. 2015ರಲ್ಲೇ ಅವರು ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಹಾಗೆ ಇಟ್ಟರು, ಇನ್‌ಸ್ಟಾಲ್ ಇಲ್ಲ, ಸೆಟ್ಟಿಂಗ್ ಇಲ್ಲ. ಅದಕ್ಕೂ ಮೊದಲೇ, 2008ರಿಂದ, ಪೋಲೆಂಡಿನ ಜಿಒಜಿ ಎಂಬ ಆನ್‌ಲೈನ್ ಅಂಗಡಿ ಹಳೇ ಆಟಗಳನ್ನು ಸರಿಮಾಡಿಯೇ ಮಾರುತ್ತಿದೆ. ಡಾಸಣ್ಣನ ಮುಖ ನೋಡಬೇಕಿತ್ತು. "ಕ್ಲಿಕ್ ಮಾಡಿದ್ರೆ ಓಡುತ್ತೆ, ಸರಿ. ಆಮೇಲೆ ನಾವೇನ್ ಮಾಡೋದು?" ಎಂದ. "ಆಡೋದು ಮಾವ" ಎಂದ ಹುಡುಗ. ಅವರಿಬ್ಬರೂ ಆವತ್ತು ಮತ್ತೆ ಮಾತಾಡಲಿಲ್ಲ.

ಆಡುವುದು! ಅದೊಂದು ಈತನಿಗೆ ಒಗ್ಗದ ಸಂಗತಿ. ನಡುರಾತ್ರಿ ದಾಟಿದ ಮೇಲೆ ಕೊನೆಗೂ ರೋಡ್ ರ‍್ಯಾಶ್ ತೆರೆದುಕೊಳ್ಳುತ್ತದೆ, ಪರದೆ ತುಂಬ, ಸೌಂಡ್ ಸಮೇತ. ಡಾಸಣ್ಣ ಕೈಕಟ್ಟಿ ಹಿಂದಕ್ಕೆ ಒರಗಿ ಹಾಡು ಕೇಳುತ್ತಾನೆ. ಒಂದು ರೇಸು ಹೊರಡುತ್ತಾನೆ, ಮೊದಲ ತಿರುವಿನಲ್ಲೇ ಬೀಳುತ್ತಾನೆ, ಎಸ್ಕೇಪ್ ಒತ್ತುತ್ತಾನೆ. ಆಮೇಲೆ ಇನ್ನೊಂದು ಸೀಡಿ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾನೆ. ಸರಿಯಾದ ಆಟಗಳ ಐಕಾನುಗಳು ಡೆಸ್ಕ್‌ಟಾಪಿನ ತುಂಬ ಇವೆ, ಒಂದನ್ನೂ ಎರಡನೇ ಸಲ ತೆರೆದ ಕುರುಹಿಲ್ಲ. ಸಿಟ್ಟು ಬರುವಷ್ಟು ವ್ಯರ್ಥ ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡಿದ್ದೆ. ಆದರೆ ಎಕ್ಸ್‌ಪಿ ಜೊತೆಗೆ ಬರುತ್ತಿದ್ದ ಪಿನ್‌ಬಾಲ್ ನೆನಪಿದೆಯೆ? ವಿಸ್ತಾದಿಂದೀಚೆಗೆ ಅದು ಬರಲಿಲ್ಲ. 64 ಬಿಟ್ಟಿಗೆ ಬದಲಿಸಿದಾಗ ಗೋಲಿ ಯಾವುದಕ್ಕೂ ತಗುಲದೆ ಎಲ್ಲದರೊಳಗೂ ತೂರಿ ಕೆಳಗೆ ಬಿದ್ದುಹೋಗುತ್ತಿತ್ತಂತೆ. ಹೊರಗಿನವರು ಬರೆದ ಕೋಡಿನಲ್ಲಿ ತಪ್ಪು ಸಿಗದೆ ಆಟವನ್ನೇ ಬಿಟ್ಟೆವು ಎಂದು ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಬರೆದಿದ್ದಾರೆ. ಊರಿನ ಒಬ್ಬ ನಿವೃತ್ತ ಮೇಷ್ಟ್ರು "ಆ ಗೋಲಿ ಆಟ ಎಲ್ಲೋಯ್ತಪ್ಪಾ?" ಎಂದು ಕೇಳಿದ್ದೇ ತಡ, ಡಾಸಣ್ಣ ಎಕ್ಸ್‌ಪಿಯಿಂದ ಹಳೇ 32 ಬಿಟ್ ಫೈಲುಗಳನ್ನು ತೆಗೆದು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ. ಅದು ತಕರಾರಿಲ್ಲದೆ ಓಡಿತು. ಡಾಸಣ್ಣನಿಗೆ ಅದರಲ್ಲಿ ರುಚಿ ಹತ್ತಲಿಲ್ಲ. ಮೇಷ್ಟ್ರು ದಿನಾ ಸಂಜೆ ಆಡುತ್ತಾರೆ.

ನಿಮ್ಮ ಅಟ್ಟದ ಮೇಲೆ ಹಳೇ ಆಟದ ಸೀಡಿಗಳಿದ್ದರೆ ಗುಜರಿಗೆ ಹಾಕಬೇಡಿ, ಇಂಥವನೊಬ್ಬ ನಿಮ್ಮೂರಲ್ಲೂ ಇರುತ್ತಾನೆ, ಕೊಟ್ಟುಬಿಡಿ. ಸೀರಿಯಲ್ ನಂಬರ್ ಇರುವ ಕವರು ಸಿಕ್ಕಿದರೆ ಅದನ್ನೂ ಕೊಡಿ. ಲ್ಯಾಪ್‌ಟಾಪ್ ಮಾತ್ರ ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಟ್ಯಾಲಿ ಲೆಕ್ಕ, ಮಗಳ ಮದುವೆ ಫೋಟೊಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಿರಿ.