ಯಂತ್ರ ಪರಕಾಯ ಪ್ರವೇಶ ಮೀಮಾಂಸೆ

1. ಮಂಗಳಾಚರಣೆ

ವಿಘ್ನೇಶ್ವರನಿಗೆ ಮೊದಲ ನಮಸ್ಕಾರ. ಅವನ ವಾಹನ ಇಲಿ; ಅದಕ್ಕೆ ನಾಜಲ್ ಇಲ್ಲ, ಪಂಪಿಲ್ಲ, ಎಫ್‌ಸಿ ಮಾಡಿಸುವ ಗೋಜಿಲ್ಲ. ಆ ಭಾಗ್ಯವಿಲ್ಲದ ತುರುವನೂರಿನ ನಮ್ಮ ದೊಡ್ಡಪ್ಪನವರ ಹಿತಕ್ಕಾಗಿ ಈ ಗ್ರಂಥ ರಚಿತವಾಗಿದೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಮುದಿ ಪೆಟ್ರೋಲ್ ಪಿಕಪ್ಪಿನ ಒಡಲಿಗೆ ಪರಗಾಡಿಯ ಡೀಸೆಲ್ ಇಂಜಿನ್ ಕೂರಿಸುವುದು. ಪ್ರಯೋಜನ: ಈರುಳ್ಳಿ ಕೊಳೆಯುವ ಮೊದಲು ಮಂಡಿ ಸೇರುವುದು. ಸಂಬಂಧ: ಬೆಲ್ ಹೌಸಿಂಗ್. ಅಧಿಕಾರಿ: ಸಾಲ ಹುಟ್ಟಿಸಬಲ್ಲವನು, ಗಾಡಿ ಶೆಡ್ಡಿನಲ್ಲಿರುವ ತಿಂಗಳುಗಳನ್ನು ಬಸ್ಸಿನಲ್ಲಿ ಕಳೆಯಬಲ್ಲವನು, ಮನೆಯವರು ಅಂದದ್ದು ಕೇಳಿಸಲಿಲ್ಲವೆಂದು ನಟಿಸಬಲ್ಲವನು. ಈ ಮೂರೂ ಗುಣ ದೊಡ್ಡಪ್ಪನಲ್ಲಿ ತುಂಬಿ ತುಳುಕುತ್ತಿದ್ದವು.

ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕ ಕಥೆಯನ್ನು ಕೆಲವರು ಇಲ್ಲಿ ಪೂರ್ವನಿದರ್ಶನವಾಗಿ ಮುಂದಿಡುತ್ತಾರೆ. ಒಪ್ಪಲಾಗದು. ಆತ್ಮಕ್ಕೆ ತೂಕವಿಲ್ಲ, ಮೌಂಟಿಂಗ್ ವೆಲ್ಡ್ ಮಾಡಿಸಬೇಕಿಲ್ಲ, ಚೈನ್ ಪುಲ್ಲಿಯೂ ಬೇಕಿಲ್ಲ.

2. ಪೂರ್ವಪಕ್ಷ

ಇದ್ದ ಇಂಜಿನ್ನೇ ಇರಲಿ ಎಂಬುದು ಪೂರ್ವಪಕ್ಷ. ದೊಡ್ಡಪ್ಪನ ಗಾಡಿ ಜೀಪಿನ ಮೂತಿಯ ಪಿಕಪ್ಪು. ಒಳಗಿದ್ದದ್ದು ವಿಲ್ಲೀಸ್ ಮನೆತನದ ‘ಹರಿಕೇನ್’ ಎಂಬ ಪೆಟ್ರೋಲ್ ಇಂಜಿನ್. 134 ಘನ ಇಂಚು, ಅಂದರೆ ಸುಮಾರು 2.2 ಲೀಟರ್. ಹೆಸರೇನೋ ಚಂಡಮಾರುತ. ಆದರೆ ದೊಡ್ಡಪ್ಪನ ಕಾಲಕ್ಕೆ ಅದು ಊದುಬತ್ತಿ ಆರಿಸುವಷ್ಟೂ ಬೀಸುತ್ತಿರಲಿಲ್ಲ. ಇದು ವಯಸ್ಸಿನ ದೋಷ, ಹೆತ್ತವರದಲ್ಲ. ಬೀಸುವುದು ನಿಂತರೂ ಕುಡಿಯುವುದು ಮಾತ್ರ ನಿಲ್ಲಲಿಲ್ಲ.

ಈ ಕುಡಿತವನ್ನು ಬೇರೆ ಊರು ಸಹಿಸೀತು, ತುರುವನೂರು ಹೇಗೆ ಸಹಿಸೀತು? 1939ರಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ ಊರಿದು, ಎಸ್. ನಿಜಲಿಂಗಪ್ಪನವರಂಥವರು ಮುಂದೆ ನಿಂತ ಚಳವಳಿ. ಹೆಂಡದ ಬುಡಕ್ಕೇ ಕೊಡಲಿ ಹಾಕಿದ ನೆಲದಲ್ಲಿ, ಚಿತ್ರದುರ್ಗಕ್ಕೆ ಹೋಗಿಬರುವಷ್ಟರಲ್ಲಿ ಟ್ಯಾಂಕು ಬರಿದು ಮಾಡುವ ಗಾಡಿಯೊಂದು ಹಾಡಹಗಲೇ ಓಡಾಡುವುದು ಇತಿಹಾಸದ್ರೋಹ. ಪೂರ್ವಪಕ್ಷ ಬಿದ್ದುಹೋಯಿತು.

ಡೀಸೆಲ್ ಪರದೇಶಿ ವಿದ್ಯೆ ಎಂಬ ಆಕ್ಷೇಪವೂ ನಿಲ್ಲದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಶೇಂಗಾ ಬೆಳೆದು ಬೆಳೆದು ಪಕ್ಕದ ಚಳ್ಳಕೆರೆ ‘ಎಣ್ಣೆ ನಗರಿ’ ಎಂಬ ಬಿರುದನ್ನೇ ಪಡೆದಿದೆ. ರುಡಾಲ್ಫ್ ಡೀಸೆಲ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1858ರಲ್ಲಿ. ಅದು ಕೇವಲ ಭೌಗೋಳಿಕ ಆಕಸ್ಮಿಕ.

3. ನಿರುಕ್ತ

ಇಂಜಿನ್ ಆರಿಸುವ ಮುನ್ನ ಅದರ ಹೆಸರು ಬಿಡಿಸಬೇಕು. ಶಾಲೆಯ ವ್ಯಾಕರಣದಲ್ಲಿ ಅನ್ವರ್ಥನಾಮ, ಅಂಕಿತನಾಮ ಎಂದು ಕಲಿತದ್ದು ಕೊನೆಗೂ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಟಾಟಾ 207 ಪಿಕಪ್ಪಿನ ‘483’ ಅನ್ವರ್ಥನಾಮ: ಸಿಲಿಂಡರು ನಾಲ್ಕು, ಬೋರು 83 ಮಿ.ಮೀ.; ಒಟ್ಟು 1,948 ಸಿಸಿ. 407ರ ‘497’ ಎಂದರೆ ಸಿಲಿಂಡರು ನಾಲ್ಕು, ಬೋರು 97, 2,956 ಸಿಸಿ. ಲಾರಿಯ ‘697’ರಲ್ಲಿ ಅದೇ ಬೋರು, ಸಿಲಿಂಡರು ಆರು. ಮಹೀಂದ್ರಾ ಜೀಪುಗಳಿಗೆ ಬಂದ ಫ್ರಾನ್ಸ್ ಮೂಲದ ಪ್ಯೂಜೊ ‘ಎಕ್ಸ್‌ಡಿಪಿ 4.90’ ಕೂಡ ನಾಲ್ಕು ಸಿಲಿಂಡರು, 90ರ ಬೋರು ಎಂದು ತಾನೇ ಹೇಳಿಕೊಳ್ಳುತ್ತದೆ; 2,112 ಸಿಸಿ.

ಬಜಾಜ್ ಟೆಂಪೊದವರು ಜರ್ಮನಿಯ ಡೈಮ್ಲರ್-ಬೆಂಜ್‌ನಿಂದ ಪರವಾನಗಿ ಪಡೆದು ಮಟಡೋರಿಗೂ ಟ್ರ್ಯಾಕ್ಸಿಗೂ ಹಾಕಿದ ‘ಓಎಂ 616’ ಮಾತ್ರ ಶುದ್ಧ ಅಂಕಿತನಾಮ. ಅದಕ್ಕೆ ಆರು ಸಿಲಿಂಡರೂ ಇಲ್ಲ, 16ರ ಬೋರೂ ಇಲ್ಲ. ಇರುವುದು ನಾಲ್ಕೇ, 2,399 ಸಿಸಿ. ಮನೆಯವರು ಇಟ್ಟ ಹೆಸರು, ಯಾಕೆಂದು ಕೇಳಬಾರದು.

ಅರಳಿಕಟ್ಟೆಯಲ್ಲಿ ಈ ಹೆಸರುಗಳಿಂದಲೇ ಮತಗಳು ಹುಟ್ಟಿದವು. ಪ್ಯೂಜೊ ಮತದವರು “ಜೀಪಿಗೆ ಜೀಪಿನದೇ ಇರ್ಲಿ, ಚಾಸಿಗೆ ಗುರುತು ಸಿಗ್ತೈತೆ” ಅಂದರು. ಟಾಟಾ ಮತದವರು ಬಿಡಿಭಾಗ ಸಿಗದ ಊರಿದ್ದರೆ ತೋರಿಸಿ ಎಂದು ಸವಾಲು ಹಾಕಿದರು. ಮಟಡೋರ್ ಮತದವರದು ಒಂದೇ ಸೂತ್ರ: “ಒಳಗಿರೋದು ಬೆಂಜ್ ಕಣ್ರಪ್ಪ.” ಈ ಮಾತಿಗೆ ದೊಡ್ಡಪ್ಪನ ಬೆನ್ನು ತಾನಾಗಿ ನೆಟ್ಟಗಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಈರುಳ್ಳಿ ಚೀಲದ ಮೇಲೆ ಕೂತು ಬೆಂಜಿನಲ್ಲಿ ಮಂಡಿಗೆ ಹೋಗುವ ಯೋಗ ಎಷ್ಟು ಜನರಿಗುಂಟು?

4. ಪ್ರಮಾಣ ವಿಚಾರ

ಗುಜರಿಯಲ್ಲಿ ಮಲಗಿರುವ ಇಂಜಿನ್ನಿನ ಆಯಸ್ಸು ತಿಳಿಯುವುದು ಹೇಗೆ? ಮಾರುವವನ ಮಾತು ಆಪ್ತವಾಕ್ಯವಲ್ಲ. ಅವನಲ್ಲಿರುವ ಎಲ್ಲ ಇಂಜಿನ್ನುಗಳೂ ಡಾಕ್ಟರೊಬ್ಬರು ಓಡಿಸಿದ ಗಾಡಿಯವೇ.

ಆದ್ದರಿಂದ ಅನುಮಾನ ಪ್ರಮಾಣಕ್ಕೆ ಶರಣು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ತರ್ಕಶಾಸ್ತ್ರದ ಹಳೆಯ ಉದಾಹರಣೆ. ನೈಯಾಯಿಕರು ಹೊಗೆಯ ಬಣ್ಣ ಕೇಳದೆ ಬಿಟ್ಟದ್ದು ದೊಡ್ಡ ಲೋಪ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚಿದೆ, ಗಾಳಿ ಸಾಲದು. ನೀಲಿಯಾದರೆ ಇಂಜಿನ್ ತನ್ನ ಆಯಿಲನ್ನು ತಾನೇ ತಿನ್ನುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಉರಿಯದೆಯೇ ಆಚೆ ಬರುತ್ತಿದೆ, ಇಲ್ಲವೇ ಒಳಗೆ ನೀರು ಸೇರಿದೆ. ಅಂದರೆ ಹೊಗೆಯಿದ್ದೂ ಬೆಂಕಿ ಸರಿಯಾಗಿಲ್ಲದ ಸ್ಥಿತಿ. ತರ್ಕಶಾಸ್ತ್ರಕ್ಕೆ ತುರುವನೂರಿನ ತಿದ್ದುಪಡಿ ಇದು.

ಇನ್ನು ಶ್ರುತಿ. ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಓಡುವ ಇಂಜಿನ್ನಿನ ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದ. 1-3-4-2 ಎಂಬ ಗಣದಲ್ಲಿ ಎಲ್ಲೂ ಯತಿಭಂಗವಿಲ್ಲವೆಂದು ತಲೆಯಾಡಿಸಿದ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದ. ಉಸಿರು ಬುಸುಬುಸು ಬಂದರೆ ರಿಂಗು ಸವೆದಿವೆ ಎಂದರ್ಥ. “ಉಸುರು ತಣ್ಣಗೈತೆ ಯಜಮಾನ್ರೆ, ತಗೋಬೋದು” ಅಂದ. ಬೆಂಜ್ ಮತ ಗೆದ್ದಿತು.

ಶ್ರುತಿ ಮುಗಿದರೆ ಸ್ಮೃತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. ಅನುಮತಿ ಪಡೆದು ಆರ್‌ಸಿಯಲ್ಲಿ ಇಂಜಿನ್ ನಂಬರೂ ಇಂಧನವೂ ಬದಲಾಗಬೇಕು. ಆತ್ಮ ಬದಲಾದರೆ ಸಾಲದು, ಜಾತಕವೂ ಬದಲಾಗಬೇಕು. ದೊಡ್ಡಪ್ಪ ಅರ್ಜಿ ಹಾಕಿಯೇ ಮುಂದುವರಿದರು.

5. ಸಿದ್ಧಾಂತ

ಮತಗಳೆಲ್ಲ ಕಾದಾಡಿದ್ದು ಶಕ್ತಿಯ ಬಗ್ಗೆ. ಗಾಡಿ ಕೇಳಿದ್ದು ಜಾಗದ ಬಗ್ಗೆ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೈದರಾಲಿಯ ಸೈನ್ಯ ಎಷ್ಟೇ ದೊಡ್ಡದಿದ್ದರೂ ಕಿಂಡಿಯಲ್ಲಿ ಒಬ್ಬೊಬ್ಬರೇ ತೂರಬೇಕಾಯಿತು, ಮಿಕ್ಕದ್ದನ್ನು ಓಬವ್ವನ ಒನಕೆ ನೋಡಿಕೊಂಡಿತು. ಬಾನೆಟ್ಟಿನ ಕೆಳಗೂ ಅಂಥದೇ ಕಿಂಡಿ. ಫ್ಯಾನು ರೇಡಿಯೇಟರಿಗೆ ತಾಗಬಾರದು, ಆಯಿಲ್ ಚೇಂಬರ್ ಮುಂದಿನ ಆಕ್ಸಲ್ಲಿಗೆ ತಾಗಬಾರದು, ಸೈಲೆನ್ಸರ್ ಪೈಪು ಸ್ಟೇರಿಂಗ್ ಬಾಕ್ಸಿಗೆ ತಾಗಬಾರದು. ಇನ್ನು ಕ್ರೌನು. ಹಳೇ ಜೀಪುಗಳಲ್ಲಿ ಅದರ ಹಲ್ಲಿನ ಅನುಪಾತ 5.38; 60 ಕಿ.ಮೀ. ವೇಗಕ್ಕೇ ಟಾಪ್ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು. ಬೆಂಜಾದರೇನು, ಓಟ ಜೀಪಿನದೇ.

ಎಲ್ಲಕ್ಕಿಂತ ಕಠಿಣ, ಒಂದು ಮನೆಯ ಇಂಜಿನ್ನಿಗೆ ಇನ್ನೊಂದು ಮನೆಯ ಗೇರ್‌ಬಾಕ್ಸ್ ಕೂಡಿಸುವ ಹೌಸಿಂಗ್ ಪ್ಲೇಟು. ಮಿಸ್ತ್ರಿ ಬಿಸ್ಕತ್ತಿನ ರಟ್ಟಿನ ಡಬ್ಬ ಬಿಚ್ಚಿ, ಇಂಜಿನ್ನಿನ ಬೆನ್ನಿಗೆ ಒತ್ತಿ ಹಿಡಿದು, ಅಂಚಿನುದ್ದಕ್ಕೂ ಸುತ್ತಿಗೆಯಿಂದ ಟಕ್ ಟಕ್ ಎಂದು ಮೆಲ್ಲಗೆ ತಟ್ಟಿದ. ಬೋಲ್ಟಿನ ಎಂಟು ತೂತುಗಳು ಆಯಿಲ್ ಜಿಡ್ಡಿನಲ್ಲಿ ದುಂಡಗೆ ಅಚ್ಚಾದವು. ಆ ರಟ್ಟನ್ನು ಲೇತಿನವನಿಗೆ ಕೊಟ್ಟರೆ ದಪ್ಪ ಕಬ್ಬಿಣದ ತಗಡಿನಲ್ಲಿ ಹಾಗೇ ಕೊರೆದುಕೊಡುತ್ತಾನೆ. ನಡುಮಧ್ಯ ಕೂದಲೆಳೆಯಷ್ಟು ತಪ್ಪಿದರೂ ಗೇರ್‌ಬಾಕ್ಸಿನ ಶಾಫ್ಟು ಫ್ಲೈವೀಲಿನ ಬುಷ್ಷಿಗೆ ಸೊಟ್ಟ ಕೂತು ಜೀವನಪರ್ಯಂತ ಊಳಿಡುತ್ತದೆ. ಹೀಗಾಗಿ ಸಿದ್ಧಾಂತ: ಇಂಜಿನ್ ಆರಿಸುವವನು ಮಾಲೀಕನಲ್ಲ, ರಟ್ಟು.

6. ಪಾಠಾಂತರ

ಮೂಲಪ್ರತಿ ಒಂದು ರಾತ್ರಿ ಶೆಡ್ಡಿನಲ್ಲಿತ್ತು. ಬೆಳಿಗ್ಗೆ ಲೇತಿಗೆ ಹೋಯಿತು. ಸಂಜೆ ಬಂದ ಪ್ಲೇಟಿನಲ್ಲಿ ಒಂಬತ್ತು ತೂತು. ರಟ್ಟು ತಿರುಗಿಸಿ ನೋಡಿದರೆ ಅಲ್ಲಿಯೂ ಒಂಬತ್ತು. ಬಿಸ್ಕತ್ತಿನ ವಾಸನೆಗೆ ಬಂದ ಇಲಿಯೊಂದು ಮೂಲೆಯಲ್ಲಿ ದುಂಡಗೆ ಕಡಿದಿತ್ತು. ಲೇತಿನವನು ಪ್ರಾಮಾಣಿಕ ಲಿಪಿಕಾರ, ಕಂಡದ್ದನ್ನು ಕಂಡಂತೆ ನಕಲು ಮಾಡಿದ್ದ. “ಪ್ರಕ್ಷಿಪ್ತ ಪಾಠ” ಎಂದೆ ನಾನು. “ಇರ್ಲಿ ಬಿಡ್ರಿ, ತೂತೇನು ಅನ್ನ ಕೇಳ್ತೈತಾ” ಅಂದ ಮಿಸ್ತ್ರಿ.

ಇಂಜಿನ್ ಕೂತಿತು. ಡೀಸೆಲ್ ಲೈನಿನ ಏರ್ ತೆಗೆದದ್ದಾಯಿತು. ಸೆಲ್ಫ್ ಹೊಡೆದರೆ ಕಟ್ ಎಂಬ ಸದ್ದು ಬಿಟ್ಟು ಏನೂ ಇಲ್ಲ. ಬ್ಯಾಟರಿ ಬದಲಾಯಿತು, ಮತಗಳು ಮತ್ತೆ ಎದ್ದು ನಿಂತವು, “ಪ್ಯೂಜೊ ಅಂದಿದ್ವಿ ಕೇಳ್ಲಿಲ್ಲ” ಎಂದವರೂ ಉಂಟು. ಕತ್ತಲಾಗುವ ಹೊತ್ತಿಗೆ ಮಿಸ್ತ್ರಿಗೆ ಹೊಳೆಯಿತು: ಇಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿದೆ, ಚಾಸಿಗೆ ಹೊಸ ಪೇಂಟು; ಅರ್ಥ್ ಸಿಗುತ್ತಿಲ್ಲ. ದಪ್ಪ ವೈರೊಂದನ್ನು ಚಾಸಿಯಿಂದ ಎಳೆದ. ಇಂಜಿನ್ನಿನ ಮೇಲೆ ಅದನ್ನು ಬಿಗಿಯಲು ಖಾಲಿ ತೂತು ಎಲ್ಲಿದೆ ಎಂದು ಟಾರ್ಚು ಹಿಡಿದು ಹುಡುಕಿದ.

ಒಂದೇ ಒಂದಿತ್ತು. ಬೋಲ್ಟು ಬಿಗಿದು ಸೆಲ್ಫ್ ಹೊಡೆದ. ಹಿಡಿಯಿತು.

ಆ ರಟ್ಟನ್ನು ದೊಡ್ಡಪ್ಪ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ, ಗಣಪತಿ ಪಟದ ಪಕ್ಕದಲ್ಲಿ. ಊದುಬತ್ತಿ ಬೆಳಗುವಾಗ ಅವರ ಕೈ ಪಟದ ಕೆಳತುದಿಯಲ್ಲಿ, ವಾಹನವಿರುವಲ್ಲಿ, ಒಂದು ಸುತ್ತು ಹೆಚ್ಚಾಗಿ ತಿರುಗುತ್ತದೆ.