ಶ್ವೇತಮಾರ್ಜಾಲ ಹಸ್ತಮೀಮಾಂಸೆ, ಅಥವಾ ಜಾಣಕಿವುಡಿನ ಸ್ಥಾನಪಲ್ಲಟ ವಿಚಾರ

ಕಿವಿ ಕೇಳದ ಬೆಕ್ಕನ್ನು ಕೈಸನ್ನೆಯಿಂದ ಕರೆಯಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಾಚಾರ್ಯರು ಕೈಗೆತ್ತಿಕೊಳ್ಳದೆ ಬಿಟ್ಟಿರುವುದು ಶೋಚನೀಯ. ನಾಟ್ಯಶಾಸ್ತ್ರ 24 ಅಸಂಯುತ (ಒಂಟಿ ಕೈಯ) ಹಸ್ತಗಳನ್ನೂ 13 ಸಂಯುತ (ಜೋಡಿ ಕೈಯ) ಹಸ್ತಗಳನ್ನೂ ಹೇಳಿದೆ. ನಂದಿಕೇಶ್ವರನ ಅಭಿನಯದರ್ಪಣ ಅಸಂಯುತಗಳನ್ನು 28ಕ್ಕೆ ಏರಿಸಿದೆ. ಅಲ್ಲಿ ಸಿಂಹಮುಖವಿದೆ, ಸರ್ಪಶೀರ್ಷವಿದೆ, ಮಯೂರವಿದೆ, ಕೋಳಿಗೂ ತಾಮ್ರಚೂಡವೆಂಬ ಗೌರವ ಸಂದಿದೆ. ಬೆಕ್ಕಿನ ಹೆಸರಿನ ಹಸ್ತ ಮಾತ್ರ ಆ 28ರಲ್ಲಿ ಇಲ್ಲ. ಇದು ಗ್ರಂಥಕರ್ತನ ಮರೆವಲ್ಲ, ಬೆಕ್ಕು ಒಪ್ಪಿಗೆ ಕೊಟ್ಟಿರಲಿಕ್ಕಿಲ್ಲ ಎಂಬುದು ಪ್ರಸ್ತುತ ಲೇಖಕನ ಮತ.

ಈ ಕೊರತೆಯನ್ನು ತುಂಬಲು ಆಯ್ದುಕೊಂಡ ಆಕರ ಒಂದೇ: ಉಡುಪಿ ಸೀಮೆಯ ನಮ್ಮ ದೊಡ್ಡಮ್ಮನ ಮನೆಯ ಬೆಳ್ಳಿ. ಮೈಯೆಲ್ಲ ಬಿಳಿ, ಎರಡೂ ಕಣ್ಣು ನೀಲಿ. ಇಂಥವಕ್ಕೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ಡಾರ್ವಿನ್ನನೇ 1859ರ ತನ್ನ ಜೀವಸಂಕುಲಗಳ ಉಗಮದ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಮೊದಲ ಮುದ್ರಣದಲ್ಲಿ ನೀಲಿಗಣ್ಣಿನ ಬೆಕ್ಕೆಲ್ಲ ಕಿವುಡೇ ಎಂದು ಸಾರಾಸಗಟಾಗಿ ಹೇಳಿದವನು, ಮುಂದಿನ ಮುದ್ರಣಗಳಲ್ಲಿ ‘ಪೂರ್ತಿ ಬಿಳಿಯಾದವು’ ಮತ್ತು ‘ಸಾಮಾನ್ಯವಾಗಿ’ ಎಂದು ಸೇರಿಸಿ ಮೆತ್ತಗಾದ. ಸಯಾಮಿ ಬೆಕ್ಕಿನ ಕಣ್ಣೂ ನೀಲಿಯೇ, ಆದರೆ ಅದರ ಕಿವಿ ಚುರುಕು. ಅಲ್ಲಿ ಕೆಲಸ ಮಾಡುವ ವಂಶವಾಹಿ ಬೇರೆ. ಬಿಳಿ ಬೆಕ್ಕುಗಳ ಲೆಕ್ಕ ಹೀಗಿದೆ: ಎರಡೂ ಕಣ್ಣು ನೀಲಿಯಾದರೆ ಶೇ. 65ರಿಂದ 85ರಷ್ಟು ಕಿವುಡು, ಒಂದು ಕಣ್ಣು ಮಾತ್ರ ನೀಲಿಯಾದರೆ ಶೇ. 40ರ ಸುತ್ತಮುತ್ತ, ಒಂದೂ ನೀಲಿಯಿಲ್ಲದಿದ್ದರೆ ಶೇ. 20ರ ಆಸುಪಾಸು. ಒಂಟಿ ನೀಲಿಗಣ್ಣಿನದು ಕೇವಲ ಒಂದು ಕಿವಿಗೆ ಕಿವುಡಾದರೆ, ಅದು ಹೆಚ್ಚಾಗಿ ನೀಲಿಗಣ್ಣಿನ ಕಡೆಯ ಕಿವಿಯೇ.

ಕಾರಣ ಬಣ್ಣದ್ದು. ಮೈಗೆ ಬಣ್ಣ ಕೊಡುವ ಜೀವಕೋಶಗಳಿಗೆ ಒಳಗಿವಿಯಲ್ಲೂ ಒಂದು ಚಾಕರಿಯಿದೆ. ಅಲ್ಲಿನ ಶಂಖದಾಕಾರದ ಸುರುಳಿಯೊಳಗಿನ ದ್ರವದ ಪೊಟ್ಯಾಸಿಯಂ ಹದವಾಗಿರುವಂತೆ ನೋಡಿಕೊಳ್ಳುವುದು. ಕಿಟ್ ಎಂಬ ವಂಶವಾಹಿಯ ಬದಲಾವಣೆಯಿಂದ ಆ ಜೀವಕೋಶಗಳು ಅಲ್ಲಿಗೆ ತಲುಪದೇ ಹೋದರೆ, ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ಒಳಗಿವಿ ಸೊರಗಿಹೋಗುತ್ತದೆ. ದೊಡ್ಡಮ್ಮನಿಗೆ ಇದನ್ನು ವಿವರಿಸಿದಾಗ ಬಂದ ಭಾಷ್ಯ: “ಅದಕ್ಕೆ ಕಿವಿ ಕೇಳುದಿಲ್ಲ ಮಾರಾಯಾ, ಹೊಟ್ಟೆ ಕೇಳ್ತದೆ.”

ಇಲ್ಲಿ ಪೂರ್ವಪಕ್ಷವೊಂದು ಎದ್ದು ನಿಲ್ಲುತ್ತದೆ. ಕರೆದರೆ ಬಾರದಿರುವುದು ಕಿವುಡಿನ ಲಕ್ಷಣವೆಂದು ಹೇಗೆ ಹೇಳುತ್ತೀರಿ? ಕಿವಿ ನೆಟ್ಟಗಿರುವ ಬೆಕ್ಕು ಕರೆದರೆ ಬರುತ್ತದೆಯೇ? ಆಕ್ಷೇಪ ಬಲವಾದದ್ದು. ಜಪಾನಿನ ಅತ್ಸುಕೊ ಸೈತೊ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಕ್ಕು ತನ್ನ ಹೆಸರನ್ನು ಉಳಿದ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲುದು. ಕಿವಿಯನ್ನೋ ತಲೆಯನ್ನೋ ತುಸು ತಿರುಗಿಸುತ್ತದೆ, ಅಷ್ಟೆ. ಎದ್ದು ಬರುವುದು ಬಿಡುವುದು ಅದರ ಮರ್ಜಿ. ಕನ್ನಡದಲ್ಲಿ ಇದಕ್ಕೆ ಜಾಣಕಿವುಡು ಎನ್ನುತ್ತೇವೆ, ಸಾಮಾನ್ಯವಾಗಿ ಸರ್ಕಾರಿ ಕಚೇರಿಗಳನ್ನು ವರ್ಣಿಸುವಾಗ. ಆದ್ದರಿಂದ ಶಾಸ್ತ್ರದ ನಿಜವಾದ ಪ್ರಶ್ನೆ ಇದು: ಹುಟ್ಟಾ ಕಿವುಡಾದ ಬೆಕ್ಕಿಗೆ ಜಾಣಕಿವುಡಾಗುವ ಅವಕಾಶವೇ ಇಲ್ಲವಲ್ಲ, ಹಾಗಾದರೆ ಅದರ ಪಾಲಿಗೆ ಬರಬೇಕಾದ ಜಾಣತನ ಎಲ್ಲಿಗೆ ಹೋಯಿತು?

ಉತ್ತರಕ್ಕೆ ಮೊದಲು ಪ್ರಯೋಗಭಾಗ. ಊಟಕ್ಕೆ ಐದೂ ಬೆರಳು ಕೂಡಿಸಿದ ಮುಕುಳ, ‘ಅಟ್ಟದಿಂದ ಇಳಿ’ ಎನ್ನಲು ತೋರುಬೆರಳು ಚಾಚಿದ ಸೂಚಿ, ‘ಬೇಡ’ ಎನ್ನಲು ಅಂಗೈ ಬಿಚ್ಚಿದ ಪತಾಕ ಎಂದು ಗೊತ್ತುಮಾಡಿದೆವು. ಸನ್ನೆಯ ಬೆನ್ನಿಗೇ ಮೀನಿನ ತುಣುಕು ಸಿಗಬೇಕು, ಮನೆಮಂದಿಯೆಲ್ಲ ಒಂದೇ ಸನ್ನೆ ಬಳಸಬೇಕು ಎಂಬುದು ಮೂಲನಿಯಮ. (ಇದನ್ನು ಸಂಜ್ಞಾಭಾಷೆ ಎಂದು ಕರೆಯುವ ಉದ್ಧಟತನ ಈ ಲೇಖಕನಿಗಿಲ್ಲ. ಭಾರತೀಯ ಸಂಜ್ಞಾಭಾಷೆ ತನ್ನದೇ ವ್ಯಾಕರಣವುಳ್ಳ ಪೂರ್ಣ ಭಾಷೆ, 2021ರಲ್ಲಿ ಬಂದ ಅದರ ನಿಘಂಟಿನಲ್ಲಿ 10,000 ಪದಗಳಿವೆ. ನಮ್ಮದರಲ್ಲಿ ಮೂರು, ಅದರಲ್ಲಿ ಚಲಾವಣೆಯಲ್ಲಿರುವುದು ಒಂದು.)

ಸನ್ನೆ ಮಾಡುವವರು ಎಲ್ಲಿ ನಿಲ್ಲಬೇಕೆಂಬುದೂ ಶಾಸ್ತ್ರವೇ. ಒಂದು ಗೇಣಿಗಿಂತ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಮಂಜುಮಂಜು, ಬಹಳ ದೂರದ್ದೂ ಹಾಗೆಯೇ. ನಿಶ್ಚಲ ಹಸ್ತಕ್ಕಿಂತ ಚಲಿಸುವ ಹಸ್ತ ಬೇಗ ಕಾಣುತ್ತದೆ. ಹಾಗಾಗಿ ಭರತನಾಟ್ಯದ ನಿಲುವಿಗಿಂತ ಯಕ್ಷಗಾನದ ಬೀಸು ಇಲ್ಲಿ ಪ್ರಶಸ್ತ. ಬೆಕ್ಕು ಬೆನ್ನು ಹಾಕಿ ಕೂತಿದ್ದರೆ ಹಿಂದಿನಿಂದ ಹೋಗಿ ಮುಟ್ಟಬಾರದು, ಬೆಚ್ಚಿ ಪರಚೀತು. ನೆಲವನ್ನು ಮೆಟ್ಟಿ ಅದುರಿಸಬೇಕು, ಇಲ್ಲವೇ ದೀಪದ ಸ್ವಿಚ್ಚು ಒತ್ತಿ ತೆಗೆಯಬೇಕು. ಮಳೆಗಾಲದಲ್ಲಿ ಕರೆಂಟು ಹೋದಾಗ ಸಂಭಾಷಣೆ ಏಕಮುಖವಾಗುತ್ತದೆ: ಬೆಳ್ಳಿ ಮಾತ್ರ ಮಾತಾಡುತ್ತದೆ. ತನ್ನ ಧ್ವನಿ ತನಗೇ ಕೇಳಿಸದಿರುವುದರಿಂದ ಅದರ ಮಿಯಾಂವ್ ಚೆಂಡೆಗೆ ಸಮ. ಇನ್ನು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪುರಾತನ ಸಮಸ್ಯೆ ಈ ಮನೆಯಲ್ಲಿ ಅನಾಯಾಸವಾಗಿ ಬಗೆಹರಿದಿದೆ. ದೊಡ್ಡಮ್ಮ ಕಟ್ಟಿದರು. ಬೆಕ್ಕು ಎಲ್ಲಿದೆಯೆಂದು ಮನೆಯವರಿಗೂ ಇಲಿಗಳಿಗೂ ಗೊತ್ತಾಗುತ್ತದೆ, ಬೆಕ್ಕಿಗೆ ಮಾತ್ರ ಗೊತ್ತಿಲ್ಲ.

ಫಲಿತಾಂಶಕ್ಕೆ ಬರೋಣ. ಮುಕುಳಹಸ್ತ ಅಂಗಳದ ಆಚೆ ತುದಿಯಿಂದಲೂ, ಓರೆಗಣ್ಣಿನಿಂದಲೂ ಅರ್ಥವಾಗುತ್ತದೆ. ಸೂಚಿಗೆ ಬೆಳ್ಳಿ ಬೆರಳ ತುದಿಯನ್ನು ಮೂಸುತ್ತದೆ. ಪತಾಕ ಎತ್ತಿದರೆ ಮುಖ ಗೋಡೆಗೆ ತಿರುಗುತ್ತದೆ. ದೃಷ್ಟಿ ಹಸ್ತವನ್ನು ಹಿಂಬಾಲಿಸಬೇಕೆಂಬ ಅಭಿನಯದರ್ಪಣದ ವಿಧಿ ಹಸ್ತದಲ್ಲಿ ಬೂತಾಯಿ ಮೀನು ಇದ್ದಾಗ ಮಾತ್ರ ಅನ್ವಯ.

ಇದಕ್ಕೆ ಸಿದ್ಧಾಂತ ಒದಗಿದ್ದು ಮಿದುಳಿನ ಶಾಸ್ತ್ರದಿಂದ. ಲೋಂಬರ್, ಮೆರೆಡಿತ್, ಕ್ರಾಲ್ ಎಂಬ ಮೂವರು 2010ರಲ್ಲಿ ತೋರಿಸಿದಂತೆ, ಹುಟ್ಟಾ ಕಿವುಡಾದ ಬೆಕ್ಕುಗಳು ಅಂಚುಗಣ್ಣಿನ ನೋಟದಲ್ಲೂ ಚಲನೆಯನ್ನು ಗುರುತಿಸುವುದರಲ್ಲೂ ಕಿವಿ ಕೇಳುವ ಬೆಕ್ಕುಗಳನ್ನು ಮೀರಿಸುತ್ತವೆ. ಮಿದುಳಿನಲ್ಲಿ ಕೇಳುವುದಕ್ಕೆಂದು ಇದ್ದ ಭಾಗಗಳು ಖಾಲಿ ಕೂರದೆ ನೋಡುವ ಕೆಲಸಕ್ಕೆ ಹತ್ತಿರುತ್ತವೆ. ಆ ಭಾಗಗಳನ್ನು ತಂಪುಮಾಡಿ ತಾತ್ಕಾಲಿಕವಾಗಿ ಸುಮ್ಮನಾಗಿಸಿದರೆ ಈ ಹೆಚ್ಚುಗಾರಿಕೆ ಮಾಯವಾಗುತ್ತದೆ. ಪ್ರಸ್ತುತ ಲೇಖಕನ ಕಾಣಿಕೆ ಇದಕ್ಕೆ ಒಂದು ಅನುಬಂಧ ಮಾತ್ರ: ಶ್ರವಣವಿಭಾಗ ಕಣ್ಣಿನ ಕೈಕೆಳಗೆ ವರ್ಗವಾದಾಗ, ಅಲ್ಲಿ ಪೀಠ ಹಾಕಿದ್ದ ಜಾಣಕಿವುಡೂ ಕಡತಗಳ ಸಮೇತ ವರ್ಗವಾಗಿ, ಜಾಣಕುರುಡೆಂಬ ಹೆಸರಿನಲ್ಲಿ ಅಧಿಕಾರ ವಹಿಸಿಕೊಳ್ಳುತ್ತದೆ. ವೇತನಶ್ರೇಣಿ ಹಿಂದಿನದೇ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗದೇ ಎಂಬ ಗಾದೆಯನ್ನು ಈ ಬೆಳಕಿನಲ್ಲಿ ಮರುಪರಿಶೀಲಿಸಬೇಕು. ಬೆಳ್ಳಿ ಕಣ್ಣು ಮುಚ್ಚಿದರೆ ಅದು ಕಳ್ಳತನವಲ್ಲ, ಫೋನು ಇಟ್ಟಂತೆ. ಮೆಲ್ಲಗೆ ಅರೆಮುಚ್ಚಿದರೆ ಬೇರೆ. ಮನುಷ್ಯರು ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದರೆ ಬೆಕ್ಕೂ ಹಾಗೇ ಪ್ರತಿಕ್ರಿಯಿಸುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ವಿದ್ವಾಂಸರು 2020ರಲ್ಲಿ ಕಂಡುಕೊಂಡಿದ್ದಾರೆ. ದೊಡ್ಡಮ್ಮ ಇದನ್ನೂ ಪ್ರಯತ್ನಿಸಿದರು. ಇಬ್ಬರೂ ನಿದ್ದೆಹೋದರು.

ತುಲನೆಗೆಂದು ಪಕ್ಕದ ಮನೆಯ ಕಾಳುವನ್ನು ಸೇರಿಸಿಕೊಂಡಿದ್ದೆವು. ಕಪ್ಪು ಬೆಕ್ಕು, ಕಿವಿ ಬಲು ಚುರುಕು. ಮೀನಿನವರ ಸ್ಕೂಟರಿನ ಹಾರ್ನು ತಿರುವಿನಲ್ಲಿ ಕೇಳಿಸಿದೊಡನೆ ಕಾಳು ಓಡುತ್ತದೆ. ಕಾಳು ಓಡುವುದನ್ನು ಕಂಡು ಬೆಳ್ಳಿ ಓಡುತ್ತದೆ, ಗೇಟಿಗೆ ಮೊದಲು ತಲುಪುವುದೂ ಬೆಳ್ಳಿಯೇ. ಹೀಗೆ ಒಂದರ ಕಿವಿ ಇನ್ನೊಂದಕ್ಕೆ ಒದಗಿತು. ಪ್ರತಿಯಾಗಿ ಕಾಳು ಮುಕುಳಹಸ್ತವನ್ನು ಕಲಿತುಕೊಂಡಿತು. ಇದರಿಂದ ಒಂದು ಜಟಿಲ ಪ್ರಶ್ನೆ ಹುಟ್ಟಿದೆ: ಬೆಳ್ಳಿಯನ್ನು ಉದ್ದೇಶಿಸಿ ಮಾಡಿದ ಸನ್ನೆಗೆ ಕಾಳು ಬಂದು ನಿಂತರೆ ಬೂತಾಯಿಯ ತಲೆ ಯಾರಿಗೆ ಸಲ್ಲಬೇಕು? ಸಂಬೋಧಿತಳಿಗೆ ಎಂದು ಲೇಖಕನ ವಾದ. “ಮೊದಲು ಬಂದದ್ದಕ್ಕೆ ಹಾಕುದು, ಇದರಲ್ಲಿ ಎಂತ ಶಾಸ್ತ್ರ?” ಎಂದು ದೊಡ್ಡಮ್ಮ. ಉಭಯಪಕ್ಷಗಳೂ ವಾದ ಮಂಡಿಸುತ್ತಿರುವಾಗ ಬಾವಿಕಟ್ಟೆಯ ಮೇಲಿದ್ದ ಕಾಗೆ ತಲೆಯನ್ನು ಎತ್ತಿಕೊಂಡು ಹೋಯಿತು. ಕಾಗೆಯ ಶ್ರವಣ ಹಾಗೂ ದೃಷ್ಟಿಸಾಮರ್ಥ್ಯ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.