ಊರಿಗೊಂದು ಇನಿಷಿಯಲ್ಲು

(ಬೆಂಗಳೂರಿನ ‘ನಮ್ಮ ಮೆಟ್ರೊ’ದ ಒಂದು ನಾಮಫಲಕ ಸೇವೆಯಿಂದ ನಿವೃತ್ತವಾಗಿ, ಕೈಯಿಂದ ಕೈಗೆ ದಾಟುತ್ತಾ ದಾವಣಗೆರೆ ಬಳಿಯ ಆನಗೋಡಿನ ಹೆದ್ದಾರಿ ಪಕ್ಕದ ಗುಜರಿ ಅಂಗಡಿಗೆ ಬಂದಿದೆ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸಿ ಮೈ ದಪ್ಪವಾಗಿದೆ. ಎಡಕ್ಕೆ ಟ್ರ್ಯಾಕ್ಟರ್ ಮಡ್‌ಗಾರ್ಡು, ಬಲಕ್ಕೆ ಸೋತ ಅಭ್ಯರ್ಥಿಯೊಬ್ಬರ ಫ್ಲೆಕ್ಸಿನ ಚೌಕಟ್ಟು. ನಡುವೆ ಒರಗಿ ಕೂತೇ ಅದು ನಮ್ಮ ಪ್ರಶ್ನೆಗಳಿಗೆ ಉತ್ತರಿಸಿತು.)

ನಮಸ್ಕಾರ ಬೋರ್ಡಪ್ಪನವರೇ. ತಾವು ಯಾವ ನಿಲ್ದಾಣದವರು?

ಅದೊಂದನ್ನ ಕೇಳಬೇಡಿ ಸ್ವಾಮಿ. ಹೇಳಿದರೆ ಅದಕ್ಕೂ ಒಂದು ಹೋರಾಟ ಸಮಿತಿ ಹುಟ್ಟಿಕೊಳ್ಳುತ್ತೆ. ನಮ್ಮ ವಂಶದ ಕಥೆ ಬೇಕಾದರೆ ಹೇಳ್ತೀನಿ. 2011ರ ಅಕ್ಟೋಬರ್ 20ಕ್ಕೆ ಮೊದಲ ರೈಲು ಓಡಿದಾಗ ನಾವು ಆರೇ ಜನ ಇದ್ದದ್ದು. ಎಂ.ಜಿ. ರಸ್ತೆಯಲ್ಲಿ ಗಾಂಧೀಜಿ, ಆಮೇಲೆ ಟ್ರಿನಿಟಿ ಚರ್ಚು, ಹಲಸೂರು, ಇಂದಿರಾನಗರ, ಸ್ವಾಮಿ ವಿವೇಕಾನಂದ ರಸ್ತೆ, ಕೊನೆಗೆ ಬೈಯಪ್ಪನಹಳ್ಳಿ. ಮಹಾತ್ಮ, ಇಗರ್ಜಿ, ಪ್ರಧಾನಿ, ಸನ್ಯಾಸಿ, ಎರಡು ಹಳೇ ಊರು. ಸರ್ವಪಕ್ಷ ಸಭೆಯೇ ಅದು, ಆದರೂ ಗದ್ದಲ ಇರಲಿಲ್ಲ. ಆಗ ಜನಕ್ಕೆ ರೈಲು ಬಂದದ್ದೇ ಸಾಕಾಗಿತ್ತು.

ಬೆಂಗಳೂರು ಅಷ್ಟು ದೊಡ್ಡ ಶಹರು, ನಿಲ್ದಾಣ ನೋಡಿದ್ರೆ ಬರೀ ಹಳ್ಳಿ, ಪಾಳ್ಯ, ಅಗ್ರಹಾರ. ಅಲ್ಲಿ ದನಕರ ಅದಾವೇನು?

ಬೆನ್ನಿಗಾನಹಳ್ಳಿ, ಕುಂದಲಹಳ್ಳಿ, ಗರುಡಾಚಾರ್‌ಪಾಳ್ಯ, ಗೊರಗುಂಟೆಪಾಳ್ಯ, ಪಟ್ಟಂದೂರು ಅಗ್ರಹಾರ... ದನ ಎಲ್ಲಿಂದ ಬರಬೇಕು? ಹೊಲ ಲೇಔಟಿಗೆ ಹೋಯಿತು, ಗೋಮಾಳ ಅಪಾರ್ಟ್‌ಮೆಂಟಿಗೆ ಹೋಯಿತು. ಹೆಸರಿಗೆ ಪಹಣಿ ಇಲ್ಲವಲ್ಲ, ಅದಕ್ಕೇ ಅದೊಂದು ಉಳಿಯಿತು. ಕೆರೆಗಳ ಕಥೆಯೂ ಅದೇ. ಕೆರೆ ಕಟ್ಟಿಸಿದವರು ಹೆಮ್ಮೆಯಿಂದ ಸಮುದ್ರ ಅಂದರು, ಜನರ ಬಾಯಲ್ಲಿ ಅದು ಸಂದ್ರ ಆಯಿತು. ಹಳದಿ ಮಾರ್ಗದಲ್ಲಿ ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಹಸಿರಿನಲ್ಲಿ ನಾಗಸಂದ್ರ, ದೊಡ್ಡಕಲ್ಲಸಂದ್ರ. ಐದು ಸಮುದ್ರ ದಾಟಿದರೂ ಕಾಲು ಒದ್ದೆಯಾಗಲ್ಲ. ಮಳೆಗಾಲದಲ್ಲಿ ಮೆಟ್ಟಿಲಿಳಿದು ರಸ್ತೆಗೆ ಬಂದರೆ ಮಾತ್ರ ಹೆಸರು ಸಾರ್ಥಕವಾಗುತ್ತೆ.

ಬಿಟಿಎಂ ಅಂತ ಒಂದು ಐತಲ್ಲ, ಅದು ಯಾವ ಸಾಹೇಬ?

ಸಾಹೇಬ ಅಲ್ಲ ಸ್ವಾಮಿ, ಮೂರು ಊರು. ಬೈರಸಂದ್ರ, ತಾವರೆಕೆರೆ, ಮಡಿವಾಳ. ಒಂದೊಂದು ಊರಿಗೆ ಒಂದೊಂದು ಅಕ್ಷರ ಪರಿಹಾರ ಕೊಟ್ಟು ಒಕ್ಕಲೆಬ್ಬಿಸಿದರು. ನಗಬೇಡಿ, ನಿಮ್ಮ ದಾವಣಗೆರೆ ಏನು ಕಮ್ಮಿ? ಪಿ.ಜೆ. ಬಡಾವಣೆಯಲ್ಲಿ ನಿಂತು ‘ಪಿ.ಜೆ. ಯಾರು’ ಅಂತ ಕೇಳಿ ನೋಡಿ. ಪ್ರಿನ್ಸ್ ಜಯಚಾಮರಾಜ ಅಂತ ಹತ್ತರಲ್ಲಿ ಒಬ್ಬರು ಹೇಳಿದರೆ ನಿಮ್ಮ ಪುಣ್ಯ. ಪಿ.ಬಿ. ರಸ್ತೆಯಲ್ಲಿ ದಿನಾ ಓಡಾಡೋರಿಗೆ ಅದು ಪೂನಾ–ಬೆಂಗಳೂರು ಅನ್ನೋದು ಮರೆತೇಹೋಗಿದೆ.

ಮೆಜೆಸ್ಟಿಕ್ಕಿನ ಬೋರ್ಡು ನಿಮಗೇನಾಗ್ಬೇಕು?

ದೊಡ್ಡಣ್ಣ. ಎರಡು ಮಾರ್ಗ ಕೂಡುವ ಜಾಗ, ಜವಾಬ್ದಾರಿ ಜಾಸ್ತಿ. ಅವನ ಪೂರ್ತಿ ಹೆಸರು ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’. ಊರು ಕಟ್ಟಿದವರು ಕೆಂಪೇಗೌಡರು, ಅವರ ಹೆಸರು ಇಡದೆ ಇನ್ಯಾರದು ಇಡ್ತಾರೆ? ಆದರೂ ಪ್ಲಾಟ್‌ಫಾರ್ಮಿನಲ್ಲಿ ಕೇಳಿ, ಎಲ್ಲರೂ ಇಳಿಯೋದು ಮೆಜೆಸ್ಟಿಕ್ಕಿನಲ್ಲೇ. ಅದೊಂದು ಸಿನಿಮಾ ಟಾಕೀಸಿನ ಹೆಸರು. ಟಾಕೀಸು ಈಗಿಲ್ಲ. ಬಸ್ ನಿಲ್ದಾಣ ಇರುವ ಕಡೆ ಮೊದಲು ಧರ್ಮಾಂಬುಧಿ ಕೆರೆ ಇತ್ತು, ಅದಂತೂ ಎಂದೋ ಇಲ್ಲ. ಕೆರೆ ಹೋಯಿತು, ಟಾಕೀಸು ಹೋಯಿತು, ಸರ್ಕಾರ ಆದೇಶ ಹೊರಡಿಸಿತು. ಜನ ಮಾತ್ರ ಇವತ್ತಿಗೂ ಮೊದಲನೇ ಆಟಕ್ಕೆ ಹೊರಟವರ ಹಾಗೆ ‘ಮೆಜೆಸ್ಟಿಕ್ ಒಂದು ಕೊಡಿ’ ಅಂತಾರೆ.

ನಮ್ಮ ಕಡೇನೂ ಹಂಗೇ. ಸರ್ಕಾರ ಶಾಂತಿಸಾಗರ ಅಂತ ಬರೀತು, ನಾವು ಸೂಳೆಕೆರೆ ಅಂತೀವಿ. ಹೊಲಕ್ಕೆ ನೀರು ಬರೋದು ಸೂಳೆಕೆರೆಯಿಂದಾನೇ.

ನೋಡಿದಿರಾ? ಕಬ್ಬನ್ ಪಾರ್ಕಿಗೂ ಕಡತದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿದೆ. ಮೈಸೂರು ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲೇ ಕೆಲಸ ಬಿಟ್ಟು ಹೊರಟವರು. ಆದರೂ ನಮ್ಮ ಬೋರ್ಡಿನಲ್ಲಿ ಕಬ್ಬನ್ನೇ. ಇನ್ನು ವೈಟ್‌ಫೀಲ್ಡ್. ಆಂಗ್ಲೋ ಇಂಡಿಯನ್ನರಿಗೆ ಒಂದು ನೆಲೆ ಇರಲಿ ಅಂತ ಡಿ.ಎಸ್. ವೈಟ್ ಅನ್ನೋರು 1880ರ ದಶಕದಲ್ಲಿ ಕಟ್ಟಲು ಹೊರಟ ಊರು. ನಿಲ್ದಾಣ ಇರೋದು ಕಾಡುಗೋಡಿಯಲ್ಲಿ. ಏನು ಮಾಡಿದರು ಗೊತ್ತಾ? ವೈಟ್‌ಫೀಲ್ಡ್ ಅಂತ ಬರೆದು ಕಾಡುಗೋಡಿಯನ್ನ ಕಂಸದೊಳಗೆ ಹಾಕಿದರು. ದೇವಕಿಯ ಹಾಗೆ ಪಾಪ, ಹೆತ್ತವಳೇ ಕಂಸನ ಸೆರೆಯಲ್ಲಿ.

ನಿಲ್ದಾಣಕ್ಕೆ ಕಂಪನಿ ಹೆಸರು ಇಡೋ ವಿಷಯಕ್ಕೆ ಬರೋಣ. ಅದು ಹೆಂಗೆ ಶುರುವಾತು?

ಸಂಪಿಗೆ ರಸ್ತೆ ಅಂತ ಒಬ್ಬಳಿದ್ದಳು, ಮಲ್ಲೇಶ್ವರದವಳು, ಹೆಸರಿನಲ್ಲೇ ಘಮ. ಎದುರಿಗೆ ಮಾಲ್ ಬಂತು. ಒಂದು ದಿನ ನೋಡಿದರೆ ಅವಳು ‘ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ’. ಆಮೇಲೆ 2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗ ಉದ್ಘಾಟನೆಯಾಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಅದರಲ್ಲಿ ‘ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ’, ‘ಬಯೋಕಾನ್ ಹೆಬ್ಬಗೋಡಿ’, ‘ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ’. ಸುಮ್ಮನೆ ಬರೆಸಿಕೊಂಡದ್ದಲ್ಲ ಮತ್ತೆ. ಮೊದಲನೆಯವರು 200 ಕೋಟಿ ರೂಪಾಯಿಗೆ ಒಪ್ಪಂದ ಮಾಡಿಕೊಂಡರು, ಎರಡನೆಯವರು 65 ಕೋಟಿಗೆ. ದುಡ್ಡಿನಿಂದ ನಿಲ್ದಾಣ ಎದ್ದದ್ದೂ ನಿಜ, ಜನ ಹತ್ತಿ ಇಳಿಯೋದೂ ನಿಜ. ಅದಕ್ಕೇ ನಾನು ಬೈಯಲ್ಲ. ಆದರೆ ಕೋನಪ್ಪನ ಪರವಾಗಿ ಒಂದು ಮಾತು. ಅಗ್ರಹಾರಕ್ಕೆ ತನ್ನ ಹೆಸರು ಹಾಕಿಸಿಕೊಳ್ಳೋಕೆ ಅವನು ಎಷ್ಟು ಕೊಟ್ಟಿದ್ದ? ರಸೀದಿ ಯಾರ ಹತ್ತಿರಾನೂ ಇಲ್ಲ. ಹಾಗಾಗಿ ಅವನು ಎರಡನೇ ಸಾಲಿಗೆ ಬಂದ.

ನಮ್ಮಲ್ಲಿ ಇದು ಉಲ್ಟಾ ರೀ. ಮನುಷ್ಯನ ಹೆಸರಿನ ಮುಂದೆ ಊರು ಬರ್ತೈತಿ. ಶಾಮನೂರು ಶಿವಶಂಕರಪ್ಪ ಅಂದ್ರೆ ಮೊದಲು ಶಾಮನೂರು, ಆಮೇಲೆ ಶಿವಶಂಕರಪ್ಪ. ಎಷ್ಟೇ ದೊಡ್ಡ ಶ್ರೀಮಂತ ಆದ್ರೂ ಊರಿನ ಹಿಂದೇನೇ ನಿಂದ್ರಬೇಕು.

ಅದೇ ಸ್ವಾಮಿ ನಾನು ಹೇಳೋದು. ನಿಮ್ಮ ಕಡೆ ಊರು ಮನುಷ್ಯನಿಗೆ ಇನಿಷಿಯಲ್ಲು. ನಮ್ಮ ಕಡೆ ಕಂಪನಿ ಊರಿಗೆ ಇನಿಷಿಯಲ್ಲು. ತಂದೆ ಯಾರು ಅಂತ ಇನಿಷಿಯಲ್ ನೋಡಿ ತಿಳಿಯೋದು ಪದ್ಧತಿ. ಹೆಬ್ಬಗೋಡಿಗೆ ಈ ವಯಸ್ಸಿನಲ್ಲಿ ಹೊಸ ತಂದೆ ಸಿಕ್ಕಿದ್ದಾರೆ.

ಈ ಆನಗೋಡಿನಲ್ಲೇ ರೈತ ಹುತಾತ್ಮರ ಸ್ಮಾರಕ ಐತಿ, ನೋಡಿದ್ರೇನು? 1992ರ ಗೋಲಿಬಾರಿನಲ್ಲಿ ಜೀವ ಬಿಟ್ಟವರು. ಓಬೇನಹಳ್ಳಿ ಕಲ್ಲಿಂಗಪ್ಪ, ಸಿದ್ಧನೂರು ನಾಗರಾಜಾಚಾರ್.

ಲಾರಿಯಲ್ಲಿ ಬರುವಾಗ ನೋಡಿದೆ. ಆ ಎರಡು ಹೆಸರಿನ ಮುಂದೆ ತಮಾಷೆ ಮಾಡೋ ಯೋಗ್ಯತೆ ನನಗಿಲ್ಲ. ಸತ್ತ ಮೇಲೂ ಊರನ್ನ ಮುಂದಿಟ್ಟುಕೊಂಡೇ ನಿಂತವರು ಅವರು. ಮುಂದಿನ ಪ್ರಶ್ನೆ ಕೇಳಿ.

ಹಂಗಾದ್ರೆ ಕಂಪನಿ ಹೆಸರು ಇಡಲೇಬಾರದು ಅಂತೀರಾ? ದಾವಣಗೆರೆ ಕಾಟನ್ ಮಿಲ್ಲಿನ ಸದ್ದು ನಿಂತು ಎಷ್ಟು ಕಾಲ ಆತು, ಡಿಸಿಎಂ ಟೌನ್‌ಶಿಪ್ ಅಂತಾನೇ ಕರೀತೀವಿ. ಹರಿಹರದಾಗೆ ಕಿರ್ಲೋಸ್ಕರ್ ಬಾಗಿಲು ಹಾಕಿದ್ರೂ ವಯಸ್ಸಾದವರ ಬಾಯಾಗೆ ಇನ್ನೂ ಐತಿ.

ಆ ಹೆಸರಿಗೆ ಬೆಲೆ ಕಟ್ಟಿದವರು ಬೇರೆ. ಪಾಳಿ ಮುಗಿಸಿ ಬಂದವರ ಬೆವರು, ಸಂಬಳದ ದಿನದ ಸಂತೆ, ಬಾಗಿಲು ಹಾಕಿದ ದಿನ ಒಲೆ ಉರಿಯದ ಮನೆ, ಎಲ್ಲ ಸೇರಿ ಆದ ಹೆಸರು ಅದು. ರಾಂ ಅಂಡ್ ಕೋ ಸರ್ಕಲ್ ಅಂತೀರಿ, ಮಾಮಾಸ್ ಜಾಯಿಂಟ್ ರಸ್ತೆ ಅಂತೀರಿ. ಅದಕ್ಕೆ ಯಾವ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು? ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯೋ ಹುಡುಗರು ಇನ್ನು ಮೂವತ್ತು ವರ್ಷ ಬಿಟ್ಟು ತಾವಾಗಿಯೇ ‘ಇನ್ಫೋಸಿಸ್ ಸ್ಟಾಪು’ ಅಂದರೆ ನಾನೇ ತಲೆಬಾಗಿಸ್ತೀನಿ. ಹೆಸರು ಮೊದಲು ಬಾಯಿಗೆ ಬರಬೇಕು, ಆಮೇಲೆ ಬೋರ್ಡಿಗೆ. ಈಗ ಬೋರ್ಡಿಗೆ ಹಾಕಿ ಬಾಯಿಗೆ ತುರುಕ್ತಿದ್ದಾರೆ.

ಇಡೀ ಮೆಟ್ರೊಗೇ ‘ಬಸವ ಮೆಟ್ರೊ’ ಅಂತ ಹೆಸರಿಡೋ ಮಾತು ಬಂತಲ್ಲ?

2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳು ಕೇಂದ್ರಕ್ಕೆ ಶಿಫಾರಸು ಮಾಡ್ತೀವಿ ಅಂದರು. ಅದಕ್ಕೂ ಮುಂಚೆ ಶಿವಾಜಿನಗರ ನಿಲ್ದಾಣಕ್ಕೆ ಸೇಂಟ್ ಮೇರಿ ಹೆಸರು ಅಂದಾಗ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ಗೊತ್ತು. ಬಸವಣ್ಣನವರ ವಿಷಯಕ್ಕೆ ಬಂದರೆ ನನ್ನದೊಂದು ಸಣ್ಣ ಸಂಶಯ. ಸ್ವಂತ ವಚನಕ್ಕೇ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ ಅವರು. ಕೂಡಲಸಂಗಮದೇವ ಅಂತ ಅಂಕಿತ ಹಾಕಿದರು, ಅದರಲ್ಲೂ ಮೊದಲು ಬಂದದ್ದು ಊರು. ಅಂಥವರನ್ನ ಕೇಳದೆ ಬೋಗಿಗೆಲ್ಲ ಹೆಸರು ಹಚ್ಚಿದರೆ, ಮೊದಲು ಟಿಕೆಟ್ ದರ ಇಳಿಸಿ ಬನ್ನಿ ಅಂತ ವಾಪಸ್ ಕಳಿಸಿಯಾರು.

ಹೆಸರಿನ ಜಗಳ ಬಗೆಹರಿಸೋಕೆ ಏನಾದ್ರೂ ದಾರಿ?

ನಿಮ್ಮ ಪಕ್ಕದಲ್ಲೇ ಇದೆಯಲ್ಲ ಹರಿಹರ. ಹೊಯ್ಸಳರ ಕಾಲದ ಗುಡಿ, ಒಂದೇ ವಿಗ್ರಹದಲ್ಲಿ ಅರ್ಧ ಹರ, ಅರ್ಧ ಹರಿ. ಎರಡು ಪಕ್ಷದವರನ್ನ ಒಂದೇ ಬೋರ್ಡಿನಲ್ಲಿ ನಿಲ್ಲಿಸಿ, ಯಾರೂ ಕಂಸದೊಳಗೆ ಹೋಗದ ಹಾಗೆ ನೋಡಿಕೊಂಡ ಊರು. ಅದರ ಗುಟ್ಟು ಏನು ಅಂದರೆ ಪ್ರಾಯೋಜಕರು ಅಂತ ಮೂರನೆಯವರು ಅಲ್ಲಿ ಇರಲಿಲ್ಲ.

ಕೊನೇ ಪ್ರಶ್ನೆ. ತುಮಕೂರು–ದಾವಣಗೆರೆ ಹೊಸ ರೈಲು ಮಾರ್ಗದ ಕೆಲಸ ನಡೆದೈತಿ. ನಾಳೆ ನಿಮ್ಮನ್ನ ತೊಳೆದು, ಬಣ್ಣ ಹೊಡೆಸಿ, ‘ಆನಗೋಡು’ ಅಂತ ಬರೆಸಿ ನಿಲ್ಲಿಸಿದ್ರೆ ಒಪ್ತೀರಾ?

ಧಾರಾಳವಾಗಿ ಬರೆಸಿ. ನಾಲ್ಕೇ ಅಕ್ಷರ, ಹಗುರ ಮೈ, ನನ್ನ ವಯಸ್ಸಿಗೆ ಸರಿಹೋಗುತ್ತೆ. ಒಂದು ಮಾತ್ರ ನೆನಪಿಡಿ. ಪೇಂಟರ್‌ಗೆ ಹೇಳಿ, ‘ಆ’ ಅನ್ನೋದನ್ನ ತೀರಾ ಎಡದ ಅಂಚಿಗೆ ಒತ್ತಿ ಬರೆಯಲಿ. ಮುಂದೆ ಒಂದು ಬೆರಳಷ್ಟು ಜಾಗ ಬಿಟ್ಟರೂ ಯಾರಾದರೂ ಚೆಕ್‌ಬುಕ್ ಹಿಡಿದು ಇನಿಷಿಯಲ್ ಹಾಕೋಕೆ ಬರ್ತಾರೆ.